ಹರಿವ ನೀರು ಕೊಟ್ಟ ನಿಮಿಷಗಳು

ಆ ಚಳಿಗಾಲವೆಲ್ಲ ನನ್ನ ತಲೆಯೊಳಗೆ ಮೂರು ನೀರು ತುಂಬಿಕೊಂಡಿದ್ದವು. ಒಂದು ನದಿ, ಒಂದು ಕಡಲು, ಇನ್ನೊಂದು ಎಲ್ಲೋ ದೂರದ ಗುಡ್ಡದ ಮೇಲಿನ ಕೆರೆ. ಪರೀಕ್ಷೆಯ ಕೋಣೆಯಲ್ಲಿ ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದರೆ ನಾನು ಕಿಟಕಿಯ ಪಕ್ಕ ನಿಂತು ಮೂರರಲ್ಲಿ ಯಾವುದಾದರೊಂದಕ್ಕೆ ಮೆಲ್ಲಗೆ ಇಳಿಯುತ್ತಿದ್ದೆ. ಹೊರಗೆ ಮಸ್ಕಿಯ ಬಂಡೆಗುಡ್ಡ ಬಿಸಿಲಿಗೆ ಬಿಳುಚಿಕೊಂಡು ನಿಂತಿರುತ್ತಿತ್ತು. ನನ್ನ ಕಣ್ಣಿಗೆ ಮಾತ್ರ ಅದರ ಬುಡಕ್ಕೆ ಅಲೆ ಬಂದು ಬಡಿಯುತ್ತಿತ್ತು. ‘ಮೇಡಂ, ಇನ್ನೊಂದು ಪೇಪರ್ ಕೊಡ್ರಿ’ ಎಂದು ಯಾರೋ ಕೂಗಿದಾಗ ಬೆಚ್ಚಿ, ಒದ್ದೆಯಾಗಿದೆಯೇನೋ ಎಂದು ಸೀರೆಯ ನೆರಿಗೆ ಮುಟ್ಟಿ ನೋಡಿಕೊಂಡದ್ದೂ ಉಂಟು.

ಮುಂದಿನ ವರ್ಷ ಯಾವ ಟ್ರಯಥ್ಲಾನ್‌ಗೆ ಹೆಸರು ಕೊಡಬೇಕು ಎಂಬುದು ನನ್ನ ಚಿಂತೆಯಾಗಿತ್ತು. ಹಾಗೆಂದರೇನು ಎಂದು ಸಿಂಧನೂರಿನಲ್ಲಿ ನನ್ನನ್ನು ಕೇಳದವರಿಲ್ಲ. ಮೊದಲು ಈಜಬೇಕು, ಎರಡು ಕಿಲೋಮೀಟರಿಗೆ ಚೂರು ಕಡಿಮೆ. ನೀರಿನಿಂದ ಎದ್ದ ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ತೊಂಬತ್ತು ಕಿಲೋಮೀಟರ್ ತುಳಿಯಬೇಕು. ಸೈಕಲ್ ಇಳಿದು ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಮೂರೂ ಒಂದೇ ದಿನ, ಒಂದರ ಹಿಂದೊಂದು. ‘ಇಷ್ಟೆಲ್ಲಾ ಮಾಡಿದ್ರ ಏನು ಕೊಡ್ತಾರ್ರೀ?’ ಎಂದು ಓಣಿಯ ಹೆಂಗಸರು ಕೇಳುತ್ತಾರೆ. ಒಂದು ಪದಕ, ಎರಡು ಬಾಳೆಹಣ್ಣು ಅಂದರೆ ಅವರಿಗೆ ನನ್ನ ಮೇಲೆ ಮರುಕ ಹುಟ್ಟುತ್ತದೆ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಸುಮ್ಮನೆ ಬರುತ್ತದೆ, ಅದಕ್ಕೆ ಕಾರಣ ಬೇಕಾಗಿಲ್ಲ.

ನಾನು ಮಸ್ಕಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಮನೆ ಸಿಂಧನೂರಿನಲ್ಲಿ, ತವರು ಜವಳಗೇರಾ. ಸೈಕಲ್ ಶುರುವಾದದ್ದೂ ಸಿಟ್ಟಿನಿಂದಲೇ. ಬೆಳಗಿನ ಬಸ್ಸಿನಲ್ಲಿ ಒಬ್ಬರ ಮೊಣಕೈ, ಇನ್ನೊಬ್ಬರ ಟಿಫಿನ್ ಡಬ್ಬಿ ತಿವಿಸಿಕೊಂಡು ವರ್ಷಗಟ್ಟಲೆ ನಿಂತಿದ್ದೆ. ನಲವತ್ತು ತುಂಬಿದ ವರ್ಷ ಒಂದು ದಿನ ಬಸ್ಸಿನಿಂದ ಇಳಿದು, ನಾಳೆಯಿಂದ ಹತ್ತುವುದಿಲ್ಲ ಎಂದು ಕಂಡಕ್ಟರಿಗೆ ಹೇಳಿಯೇ ಹೋದೆ. ಅವನಿಗೇನು, ನಕ್ಕ. ಮರುದಿನದಿಂದ ಸೈಕಲ್. ಆಮೇಲೆ ಸೈಕಲ್ ಹೊಡೆಯುವವರ ಜೊತೆ ಪರಿಚಯ, ಅವರ ಜೊತೆ ಓಟ, ಹೀಗೆ ಒಂದಕ್ಕೊಂದು ಅಂಟಿಕೊಂಡು ಬಂತು. ಈಜು ಮಾತ್ರ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಅದು ತವರಿನಿಂದ ಬಂದದ್ದು.

ಭಾನುವಾರಗಳಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಿ ಬರುತ್ತಿದ್ದೆ. ಆ ರಸ್ತೆಯಲ್ಲಿ ಬೆಳಗಿನ ಹೊತ್ತು ಒಬ್ಬಳೇ ಹೋಗುವುದು ಎಂದರೆ ನನಗೆ ಅರೆನಿದ್ದೆಯಲ್ಲಿ ಹೋದ ಹಾಗೆ. ರೈಸ್ ಮಿಲ್ಲುಗಳ ಬಿಸಿ ವಾಸನೆ ಊರ ಹೊರಗೂ ಸ್ವಲ್ಪ ದೂರ ಬೆನ್ನು ಹತ್ತಿ ಬರುತ್ತದೆ. ಆಮೇಲೆ ಎರಡೂ ಕಡೆ ಗದ್ದೆ, ಗದ್ದೆಯ ನೀರಿನಲ್ಲಿ ಬೆಳ್ಳಗಿನ ಆಕಾಶ, ಆ ಆಕಾಶದಲ್ಲಿ ಕೊಕ್ಕರೆಗಳು. ಮಸ್ಕಿ ದಾಟಿ ಸಂತೆಕಲ್ಲೂರಿನ ಕಡೆ ಹೊರಟರೆ ಹಸಿರು ಹೇಳದೆ ಕೇಳದೆ ಮುಗಿದುಹೋಗುತ್ತದೆ. ಕಪ್ಪು ನೆಲ, ಜೋಳ, ತೊಗರಿ. ಕಾಲುವೆಯ ನೀರು ಮುಟ್ಟದ ಸೀಮೆ ಅದು. ಅಲ್ಲಿ ಗಾಳಿ ಎದುರಿಗೆ ಬರುತ್ತದೆ. ಪೆಡಲು ತುಳಿದಷ್ಟೂ ರಸ್ತೆ ಅಲ್ಲೇ ಇರುತ್ತದೆ. ಲಿಂಗಸುಗೂರು ಮುಟ್ಟಿ ಚಹಾ ಕುಡಿದು ತಿರುಗಿದರೆ ಅದೇ ಗಾಳಿ ಬೆನ್ನಿಗೆ ಬಂದು ಕೈಹಚ್ಚುತ್ತದೆ. ಬರುವಾಗ ಆದ ವೇಗ ನನ್ನದಲ್ಲ, ಗಾಳಿಯದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೈಕಲ್ ಮೇಲೆ ಗೊತ್ತಾದದ್ದು ನೀರಿನಲ್ಲಿ ಯಾಕೆ ಗೊತ್ತಾಗಲಿಲ್ಲ ಎಂದು ಈಗಲೂ ನನ್ನ ಮೇಲೆ ನನಗೇ ನಗು ಬರುತ್ತದೆ.

ನಮ್ಮಪ್ಪ ಕಾಲುವೆಯ ಗ್ಯಾಂಗ್‌ಮನ್ ಆಗಿದ್ದವನು. ಕಾಲುವೆಯ ದಂಡೆಯ ಮೇಲೆ ನಡೆಯುವುದು, ಎಲ್ಲಿ ನೀರು ಸೋರುತ್ತದೆ, ಎಲ್ಲಿ ಕಸ ಕಟ್ಟಿದೆ ಎಂದು ನೋಡುವುದು, ಮೇಲಿನವರು ಹೇಳಿದಾಗ ಗೇಟು ಎತ್ತುವುದು, ಇಳಿಸುವುದು. ಅದು ಅವನ ಕೆಲಸ. ನಾನು ಆರು ವರ್ಷದವಳಿದ್ದಾಗ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ಬಿಟ್ಟ. ತಾನು ಹಗ್ಗದ ತುದಿ ಹಿಡಿದು ದಂಡೆಯ ಮೇಲೆ ನಡೆದ. ಮೂರನೇ ದಿನ ಡಬ್ಬಿ ಬಿಚ್ಚಿದ. ತಿಂಗಳಾದ ಮೇಲೆ ಹಗ್ಗವನ್ನೂ ಬಿಚ್ಚಿದ. ನಡೆಯುವುದನ್ನು ಮಾತ್ರ ಬಿಡಲಿಲ್ಲ. ಈಗ ಅವನಿಗೆ ಎಪ್ಪತ್ತರ ಮೇಲಾಗಿದೆ. ಜವಳಗೇರಾದಲ್ಲಿ ನನ್ನ ತಮ್ಮನ ಮನೆಯಲ್ಲಿ ಮೊಮ್ಮಕ್ಕಳನ್ನು ಗದರಿಸಿಕೊಂಡು ಆರಾಮಾಗಿ ಇದ್ದಾನೆ. ನಾನು ಟ್ರಯಥ್ಲಾನ್ ಎಂದು ಶುರುಮಾಡಿದಾಗ ಏನು, ಯಾಕೆ ಎಂದು ಕೇಳಲಿಲ್ಲ. ಕಾಲುವೆಯ ದೂರ ಹೇಳುವ ಎರಡು ಕಲ್ಲು ಆರಿಸಿ, ನಡುವಿನದು ನನಗೆ ಬೇಕಾದಷ್ಟು ದೂರ ಹೌದೋ ಎಂದು ಹೆಜ್ಜೆ ಹಾಕಿ ಅಳೆದು, ಕೈಗಡಿಯಾರ ಕಟ್ಟಿಕೊಂಡು ಬಂದು ನಿಂತ.

ವಾರಕ್ಕೆ ಮೂರು ಬೆಳಗು ಮೇಲಿನ ಕಲ್ಲಿನ ಹತ್ತಿರ ಇಳಿದು ಕೆಳಗಿನ ಕಲ್ಲಿನ ಹತ್ತಿರ ಏಳುತ್ತಿದ್ದೆ. ಹೊಸ ನೀರು ಬಂದಾಗ ಚಹಾದ ಬಣ್ಣ, ಆಮೇಲಾಮೇಲೆ ತಿಳಿಯಾಗುತ್ತ ಬರುತ್ತದೆ. ಎಡಕ್ಕೆ ತಲೆ ಹೊರಳಿಸಿ ಉಸಿರು ತೆಗೆದಾಗಲೆಲ್ಲ ದಂಡೆಯ ಮೇಲೆ ಅಪ್ಪನ ಧೋತರ ಕಾಣುತ್ತಿತ್ತು, ಅದರ ಕೆಳಗೆ ಎರಡು ಕಾಲು, ನನ್ನ ಜೊತೆಜೊತೆಗೆ. ಕೆಲವೊಮ್ಮೆ ಅವನು ನಡೆಯುತ್ತಿಲ್ಲ, ನಾನು ಈಜುತ್ತಿಲ್ಲ, ಹೊಲಗಳೇ ನಮ್ಮಿಬ್ಬರ ನಡುವಿನಿಂದ ಮೆಲ್ಲಗೆ ಹಿಂದಕ್ಕೆ ಹೋಗುತ್ತಿವೆ ಎನಿಸುತ್ತಿತ್ತು. ಆ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮೇಲೆದ್ದಾಗ ಅಪ್ಪ ಗಡಿಯಾರ ತೋರಿಸಿ ‘ಇಪ್ಪತ್ತೆಂಟು ನಿಮಿಷ’ ಎನ್ನುತ್ತಿದ್ದ. ಆಮೇಲೆ ಊರ ಹೋಟೆಲಿನಲ್ಲಿ ಕುಳಿತು ಕೇಳಿದವರಿಗೂ ಕೇಳದವರಿಗೂ ಅದನ್ನು ಹೇಳುತ್ತಿದ್ದ. ‘ನನ್ನ ಮಗಳು ಮೀನ ಆಗ್ಯಾಳ’ ಎನ್ನುತ್ತಿದ್ದನಂತೆ.

ಇಪ್ಪತ್ತೆಂಟು ನಿಮಿಷ ಇಟ್ಟುಕೊಂಡು ಅದರ ಹಿಂದಿನ ವರ್ಷ ನಾನು ಕಡಲಿನ ಟ್ರಯಥ್ಲಾನ್‌ಗೆ ಹೋಗಿದ್ದೆ. ಒಂದು ಗಂಟೆ ಹತ್ತು ನಿಮಿಷದೊಳಗೆ ಈಜು ಮುಗಿಸದವರನ್ನು ಅಲ್ಲಿ ದೋಣಿಗೆ ಹತ್ತಿಸಿಬಿಡುತ್ತಾರೆ. ಆ ನಿಯಮ ಓದಿ ನನಗೆ ನಗು ಬಂದಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಇಷ್ಟು ಹೊತ್ತೇ! ತಮ್ಮನ ಗದ್ದೆಯ ನೆಲ್ಲು ಕೊಯ್ಲಿನ ದಿನಗಳಾದ್ದರಿಂದ ಅಪ್ಪ ಬಂದಿರಲಿಲ್ಲ. ನೀರಿಗಿಳಿದು ಹತ್ತು ನಿಮಿಷಕ್ಕೆಲ್ಲ ಏನೋ ತಪ್ಪಿದೆ ಎನಿಸಿತು. ನೀರು ಸುಮ್ಮನಿತ್ತು. ನಾನು ಕೈ ಬೀಸುತ್ತಿದ್ದೆ, ಅದು ನನ್ನನ್ನು ಎಲ್ಲಿಗೂ ಒಯ್ಯುತ್ತಿರಲಿಲ್ಲ. ಎಡಕ್ಕೆ ತಲೆ ಹೊರಳಿಸಿದಾಗಲೆಲ್ಲ ದಂಡೆ ಹುಡುಕಿದೆ. ಅಲ್ಲಿ ದಂಡೆ ಇರಲಿಲ್ಲ, ಆಕಾಶಕ್ಕೆ ಹೋಗಿ ಸೇರಿದ ನೀರು ಇತ್ತು. ಹುಡುಕುತ್ತ ಹುಡುಕುತ್ತ ನನಗೇ ಗೊತ್ತಿಲ್ಲದೆ ಎಡಕ್ಕೆ ಎಡಕ್ಕೆ ಸರಿದುಹೋಗಿದ್ದೆ. ಕೊನೆಗೆ ಒಂದು ದೋಣಿ ಬಂದು ನಿಂತಿತು. ‘ಟೈಮ್ ಆತು ಮೇಡಂ’ ಎಂದು ಕೈ ಚಾಚಿದರು. ಆ ಕೈ ಹಿಡಿದಾಗ ನನಗಾದ ನಾಚಿಕೆಯನ್ನು ಹೇಳಲಾರೆ. ದೋಣಿಯಲ್ಲಿ ಒಂದು ಟವೆಲ್ ಹೊದೆಸಿ ಕೂರಿಸಿದ್ದರು, ದಡದವರೆಗೂ ಮುಖ ಎತ್ತಲಿಲ್ಲ. ಊರಿಗೆ ಬಂದು ಅಲೆ ಜೋರಿದ್ದವು ಎಂದು ಹೇಳಿದೆ. ಅಪ್ಪ ನಂಬಿದ. ನಾನೂ ನಂಬಿದೆ.

ಹೀಗಾಗಿ ಆ ಚಳಿಗಾಲದಲ್ಲಿ ಆಯ್ಕೆ ಎಂದರೆ ಬರೀ ತಾರೀಖು ನೋಡುವ ಕೆಲಸವಾಗಿರಲಿಲ್ಲ. ಗುಡ್ಡದ ಕೆರೆಯ ನೀರು ಎಷ್ಟು ತಣ್ಣಗೆ ಎಂದು ಓದಿದ ಮೇಲೆ ಆ ಟ್ರಯಥ್ಲಾನ್ ಕನಸಿಗೆ ಮಾತ್ರ ಚಂದ ಎಂದು ಬಿಟ್ಟೆ. ಉಳಿದವು ಎರಡು. ನದಿಯದರಲ್ಲಿ ಈಜು ಹೊಳೆಯ ಹರಿವಿನ ಜೊತೆಗೇ ಕೆಳಮುಖವಾಗಿ, ದಡಕ್ಕೆ ಹೊಂದಿಕೊಂಡು ರಸ್ತೆ. ಕಡಲಿನದು ನನ್ನನ್ನು ದೋಣಿಗೆ ಹತ್ತಿಸಿದ್ದು. ಎರಡಕ್ಕೂ ಹೆಸರು ಕೊಡಲು ಮಾರ್ಚ್ ಕೊನೆಯವರೆಗೆ ಸಮಯವಿತ್ತು. ನನ್ನ ಗಂಡ ದಿನಾ ಕೀಟಲೆ ಮಾಡುತ್ತಿದ್ದರು. ‘ಸೀರಿ ಅಂಗಡ್ಯಾಗ ಮೂರು ತಾಸು ಆರಸ್ತಿ, ಇದಕ್ಕ ಮೂರು ತಿಂಗಳು ಬೇಕಾತು. ಇದರಾಗರ ಬಣ್ಣ ಒಂದs ಐತಲ್ಲ, ನೀರಿಂದು!’

ಅಪ್ಪನಿಗೆ ನದಿ. ಅದರಲ್ಲಿ ಎರಡು ಮಾತಿಲ್ಲ. ‘ಹೊಳ್ಯಾಗಿಂದು ಬೇಸೈತಿ ಯವ್ವಾ’ ಎಂದ. ‘ದಂಡಿಗೆ ರಸ್ತಾ ಐತಿ ಅಂತೀದಿ. ನೀ ಈಜು, ನಾ ದಂಡಿ ಹಿಡದು ಜೋಡಿಲೆ ಬರತೀನಿ. ಸಮುದ್ರದಾಗ ನಾ ಎಲ್ಲಿ ನಡೀಲಿ?’

ಅವನ ಆ ಮಾತು ನನ್ನನ್ನು ಹಿಡಿದುಕೊಂಡುಬಿಟ್ಟಿತು. ಅಪ್ಪ ಜವಳಗೇರಾದ ಕಾಲುವೆಯ ಹೊರಗೆ ನನ್ನ ಜೊತೆ ಎಲ್ಲೂ ನಡೆದವನಲ್ಲ. ಯಾವುದೋ ದೊಡ್ಡ ಹೊಳೆಯ ದಂಡೆಯ ಮೇಲೆ, ಜನ ಚಪ್ಪಾಳೆ ತಟ್ಟುತ್ತಿರುವಾಗ, ಧೋತರದ ಚುಂಗು ಹಿಡಿದುಕೊಂಡು ಅವನು ನನ್ನ ಜೊತೆಗೆ ಬರುತ್ತಿರುವುದು ಸೈಕಲ್ಲು, ಕ್ಲಾಸು, ಅಡುಗೆಮನೆ ಎನ್ನದೆ ಕಣ್ಣಿಗೆ ಕಟ್ಟುತ್ತಿತ್ತು. ಕಡಲು ಬೇಕು ಎಂದು ನನ್ನ ಹಟ ಹೇಳುತ್ತಿತ್ತು. ಆದರೂ ನದಿಯ ಫಾರ್ಮನ್ನು ಅರ್ಧ ತುಂಬಿಯೂ ಇಟ್ಟಿದ್ದೆ.

ಇದರ ನಡುವೆ ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡುತ್ತಾರೋ ಇಲ್ಲವೋ ಎಂಬ ಆತಂಕ ಬೇರೆ. ಅದನ್ನು ನೀರಾವರಿ ಸಮಿತಿಯ ಸಭೆಯಲ್ಲಿ ತೀರ್ಮಾನಿಸುತ್ತಾರೆ. ಸಿಂಧನೂರಿನಲ್ಲಿ ಆ ಸಭೆಯ ಸುದ್ದಿಗೆ ಕಾಯದ ಮನೆಯಿಲ್ಲ. ಎಲ್ಲರೂ ಸಸಿ ನಾಟಲು ಕಾಯುತ್ತಿದ್ದರೆ ನಾನು ಈಜಲು ಕಾಯುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಪೇಪರ್ ಬಂದ ಕೂಡಲೇ ನಾನು ಕಸಿದುಕೊಳ್ಳುವುದನ್ನು ನೋಡಿ ವಿಜ್ಞಾನದ ಮಾಸ್ತರರು ಕೇಳಿದರು, ‘ಮೇಡಂರೀ, ನಿಮ್ದು ಎಷ್ಟ ಎಕರೆ ನೆಲ್ಲು ಐತ್ರೀ? ಕಾಲುವಿ ಸುದ್ದಿ ಬಿಟ್ಟು ಬ್ಯಾರೆ ಏನೂ ಓದಂಗಿಲ್ಲಲ್ರೀ ನೀವು!’ ಒಂದು ಗೇಣು ನೆಲವೂ ಇಲ್ಲ ಎಂದೆ. ಜನವರಿಯಲ್ಲಿ ನೀರು ಬಂತು.

ನೀರು ಬಂದ ವಾರದಲ್ಲೇ ಹತ್ತನೇ ಕ್ಲಾಸಿಗೆ ಪುನರಾವರ್ತನೆ ಮಾಡಿಸುತ್ತಿದ್ದೆ. ಸಮೀಕರಣಗಳ ಅಧ್ಯಾಯ. ಅದರಲ್ಲಿ ಒಂದು ದೋಣಿಯ ಲೆಕ್ಕ ಬರುತ್ತದೆ. ದೋಣಿ ಹರಿವಿನ ಜೊತೆ ಇಷ್ಟು ಹೊತ್ತಿನಲ್ಲಿ ಹೋಗುತ್ತದೆ, ಎದುರಾಗಿ ಇಷ್ಟು ಹೊತ್ತಿನಲ್ಲಿ ಬರುತ್ತದೆ, ಹಾಗಾದರೆ ನಿಂತ ನೀರಿನಲ್ಲಿ ದೋಣಿಯ ವೇಗವೆಷ್ಟು? ಹದಿನೆಂಟು ವರ್ಷದಿಂದ ಅದನ್ನು ಕಲಿಸುತ್ತಿದ್ದೇನೆ. ‘ನಿಂತ ನೀರಿನಲ್ಲಿ’ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆಯಲು ಹೋದ ಕೈ ಅಲ್ಲೇ ನಿಂತಿತು. ಹಿಂದೆ ಕ್ಲಾಸು ಕಾಯುತ್ತಿತ್ತು. ಸೀಮೆಸುಣ್ಣ ಹಿಡಿದುಕೊಂಡು ನಾನು ಎಷ್ಟು ಹೊತ್ತು ಬೋರ್ಡು ನೋಡಿದೆನೋ ಗೊತ್ತಿಲ್ಲ. ನಿಂತ ನೀರಿನಲ್ಲಿ ನನ್ನ ವೇಗ ಎಷ್ಟು ಎಂದು ಹುಟ್ಟಿದಾಗಿನಿಂದ ನಾನು ಕೇಳಿಕೊಂಡೇ ಇರಲಿಲ್ಲ. ಜವಳಗೇರಾದಲ್ಲಿ ಹುಟ್ಟಿದವರಿಗೆ ನೀರು ಅಂದರೆ ಹರಿಯುವುದು. ನಿಂತದ್ದಕ್ಕೆ ನಾವು ಕೊಚ್ಚೆ ಎನ್ನುತ್ತೇವೆ.

ಮುಂದಿನ ಭಾನುವಾರ ಅಪ್ಪನಿಗೆ ಹೇಳದೆ ಕಾಲುವೆಗೆ ಹೋದೆ. ಒಣಗಿದ ಜೋಳದ ದಂಟೊಂದನ್ನು ಕೈಯಷ್ಟುದ್ದ ಮುರಿದು ಮೇಲಿನ ಕಲ್ಲಿನ ಹತ್ತಿರ ನೀರಿಗೆ ಬಿಟ್ಟೆ. ಗಡಿಯಾರ ನೋಡಿಕೊಂಡು ಅದರ ಜೊತೆಗೆ ದಂಡೆಯ ಮೇಲೆ ನಡೆದೆ. ದಂಟು ಅವಸರ ಮಾಡಲಿಲ್ಲ. ಅಲ್ಲಲ್ಲಿ ಒಂದು ಸುತ್ತು ತಿರುಗಿ, ಮತ್ತೆ ನೆಟ್ಟಗಾಗಿ, ಬಿಸಿಲು ಕಾಯಿಸಿಕೊಳ್ಳುತ್ತ ಹೋಯಿತು. ಅದನ್ನು ನೋಡುತ್ತ ನಡೆಯುವುದು ಎಷ್ಟು ಹಿತವಾಗಿತ್ತೆಂದರೆ ಯಾಕೆ ಬಂದಿದ್ದೇನೆ ಎಂಬುದೇ ಸ್ವಲ್ಪ ಹೊತ್ತು ಮರೆತಿತ್ತು. ಅಪ್ಪ ಇಷ್ಟು ವರ್ಷ ನೋಡಿದ್ದು ಇದನ್ನೇ ಅಲ್ಲವೇ ಎನಿಸಿತು. ಕೆಳಗಿನ ಕಲ್ಲು ಮುಟ್ಟಿದಾಗ ನಲವತ್ತೈದು ನಿಮಿಷವಾಗಿತ್ತು. ಕೈಯಿಲ್ಲದ, ಕಾಲಿಲ್ಲದ, ತರಬೇತಿಯಿಲ್ಲದ ಜೋಳದ ದಂಟು ನನಗಿಂತ ಹದಿನೇಳೇ ನಿಮಿಷ ತಡ.

ಅಲ್ಲೇ ದಂಡೆಯ ಮೇಲೆ ಕುಳಿತು ಕಡ್ಡಿಯಿಂದ ಮಣ್ಣಿನಲ್ಲಿ ಲೆಕ್ಕ ಬಿಡಿಸಿದೆ. ಕಾಲುವೆಯ ಪಾಲು ಕಳೆದರೆ ನಿಂತ ನೀರಿನಲ್ಲಿ ಅಷ್ಟು ದೂರಕ್ಕೆ ನನಗೆ ಬೇಕಾದದ್ದು ಒಂದು ಗಂಟೆ ಹದಿನಾಲ್ಕು ನಿಮಿಷ. ಮೂರು ಸಲ ಮಾಡಿದೆ, ಅಷ್ಟೇ ಬಂತು. ಕಡಲಿನಲ್ಲಿ ಅಲೆ ಜೋರಿರಲಿಲ್ಲ. ನಾನು ನಿಧಾನ ಇದ್ದೆ. ದೋಣಿಯವರು ನನಗೆ ಅನ್ಯಾಯವನ್ನೇನೂ ಮಾಡಿರಲಿಲ್ಲ.

ನದಿಯನ್ನು ಆರಿಸಿಬಿಟ್ಟರೆ ಈ ಲೆಕ್ಕ ಯಾರಿಗೂ ಗೊತ್ತಾಗುವುದಿಲ್ಲ. ಹೊಳೆ ನನ್ನನ್ನು ಒಯ್ಯುತ್ತದೆ, ಅಪ್ಪ ದಂಡೆಯ ಮೇಲೆ ಬರುತ್ತಾನೆ, ಹೋಟೆಲಿನಲ್ಲಿ ಇನ್ನೊಂದು ಸಲ ನಾನು ಮೀನಾಗುತ್ತೇನೆ. ಅದರಲ್ಲಿ ಮೋಸವೇನೂ ಇಲ್ಲ, ಅವರೇ ಇಟ್ಟ ನಿಯಮ ಅದು. ಒಂದು ವಾರ ಹೀಗೆ ನನಗೆ ನಾನೇ ಹೇಳಿಕೊಂಡೆ. ಆದರೆ ಸೈಕಲ್ ಮೇಲೆ, ಸಂತೆಕಲ್ಲೂರಿನ ಎದುರುಗಾಳಿಯಲ್ಲಿ, ನನಗೆ ನದಿ ಕಾಣುವುದು ನಿಂತುಹೋಯಿತು. ಕಪ್ಪು ಹೊಲಗಳ ಆಚೆ ಅಂಚಿನಲ್ಲಿ ಬರೀ ಕಡಲು, ಸುಮ್ಮನೆ ಇದ್ದ ಕಡಲು. ನನಗೆ ಅದು ಬೇಕಿತ್ತು. ಅಪ್ಪನೂ ಬೇಕಾಗಿದ್ದ. ಎರಡೂ ಒಟ್ಟಿಗೆ ಸಿಗುವ ದಾರಿ ಕಾಣಲಿಲ್ಲ. ದುಃಖವಾಯಿತು.

ಕೊನೆಗೆ ಒಂದು ಬೆಳಗ್ಗೆ ಈಜಿ ಎದ್ದು, ಅಪ್ಪ ಗಡಿಯಾರ ತೋರಿಸುವ ಮೊದಲೇ ಹೇಳಿಬಿಟ್ಟೆ. ಬೋರ್ಡಿನ ಲೆಕ್ಕ, ಜೋಳದ ದಂಟು, ಕಡಲು, ದೋಣಿ, ಎಲ್ಲವನ್ನೂ. ಅವನು ನನ್ನ ಟವೆಲ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

‘ಅಂದ್ರ ನಾ ಇಷ್ಟ ದಿನ ಸುಳ್ಳ ಹೇಳಿದಂಗ ಆತೇನು?’

‘ನೀ ಹೇಳಿದ್ದು ಖರೇನs ಐತಿ ಯಪ್ಪಾ. ಇಪ್ಪತ್ತೆಂಟು ನಿಮಿಷ ಖರೇ. ಅದರಾಗ ನಂದೆಷ್ಟು, ಕಾಲುವಿದೆಷ್ಟು ಅಂತ ನಾನs ಲೆಕ್ಕ ಹಾಕಲಿಲ್ಲ.’

‘ಹೋಟ್ಲಿನ್ಯಾಗ ಎಲ್ಲಾರಿಗೂ ಹೇಳೀನಿ ನಾ.’

ಅಷ್ಟು ಹೇಳಿ ಟವೆಲ್ ನನ್ನ ಹೆಗಲಿಗೆ ಹಾಕಿ ಮನೆಯ ಕಡೆ ನಡೆದ. ಜನ್ಮವೆಲ್ಲ ನೀರು ನೋಡಿದ ಮನುಷ್ಯ. ನೀರು ಎಷ್ಟು ಬರುತ್ತಿದೆ ಎಂದು ಬಣ್ಣ ನೋಡಿ ಹೇಳುವವನು. ಅವನಿಗೂ ಹೊಳೆದಿರಲಿಲ್ಲ, ಯಾಕೆಂದರೆ ಅವನು ಆ ದಂಡೆಯ ಮೇಲೆ ನನ್ನನ್ನು ನೋಡುತ್ತಿದ್ದ, ನೀರನ್ನಲ್ಲ. ಮುಂದಿನ ಮೂರು ಈಜಿಗೆ ಅಪ್ಪ ಬರಲಿಲ್ಲ. ಹೋಟೆಲಿಗೂ ಹೋಗುತ್ತಿಲ್ಲ ಎಂದು ತಮ್ಮ ಹೇಳಿದ. ನಾನು ಒಬ್ಬಳೇ ಇಳಿದು ಒಬ್ಬಳೇ ಎದ್ದೆ. ಎಡಕ್ಕೆ ಹೊರಳಿದಾಗ ಖಾಲಿ ದಂಡೆ. ನಿಜ ಹೇಳಿ ಏನು ಸಿಕ್ಕಿತು ನಿನಗೆ ಎಂದು ನನ್ನನ್ನು ನಾನೇ ಬೈದುಕೊಂಡೆ. ಗಣಿತ ಕಲಿತವರ ಸೊಕ್ಕು ಎಂದೂ ಬೈದುಕೊಂಡೆ.

ನಾಲ್ಕನೇ ಸಲ ಅಪ್ಪ ಮೇಲಿನ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದ. ಹೆಗಲ ಮೇಲೆ ಉದ್ದ ಹಗ್ಗದ ಸುರುಳಿ. ‘ಇಲ್ಲಿ ಇಳೀಬ್ಯಾಡ, ಬಾ’ ಎಂದು ಎದ್ದು ಮುಂದೆ ಹೊರಟ. ಸಾಕಷ್ಟು ದೂರ ನಡೆಸಿಕೊಂಡು ಹೋದ. ಅಲ್ಲೊಂದು ಗೇಟು, ಗೇಟಿನ ಮೇಲುಭಾಗದಲ್ಲಿ ಕಾಲುವೆ ಅಗಲವಾಗಿ ನೀರು ಹರವಾಗಿ ನಿಂತಂತೆ ಕಾಣುತ್ತಿತ್ತು.

‘ಇಲ್ಲಿ ನೀರು ಸಾವಕಾಸ ಹೊಂಟೈತಿ. ನಾಕು ದಿನದಿಂದ ದಂಟು ಬಿಟ್ಟು ಬಿಟ್ಟು ನೋಡಾಕತ್ತೀನಿ. ನಿನಗ ಬೇಕಾದಷ್ಟs ಐತಿ. ಹೊಳ್ಳಿ ಮುಖ ಮಾಡು. ಮ್ಯಾಲಕ ಈಜು.’

ಹೋಟೆಲಿಗೂ ಹೋಗದೆ ಅವನು ಆ ದಿನಗಳಲ್ಲಿ ಮಾಡಿದ್ದು ಇದು. ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ದಂಟು ಬಿಟ್ಟು, ಹೆಜ್ಜೆ ಎಣಿಸಿ, ಗಡಿಯಾರ ನೋಡಿ, ನನಗೆ ತಕ್ಕಷ್ಟು ನಿಧಾನದ ನೀರು ಹುಡುಕಿದ್ದ. ನಾನೂ ಲೆಕ್ಕ ಮಾಡಿ ನೋಡಿದೆ. ಅಲ್ಲಿನ ಹರಿವಿಗೆ ಎದುರಾಗಿ ಎಪ್ಪತ್ತು ನಿಮಿಷ ಇದ್ದಲ್ಲೇ ಇದ್ದರೆ, ಕಡಲಿನ ಅಷ್ಟೂ ದೂರ ಕೊಟ್ಟ ಸಮಯದಲ್ಲೇ ಈಜಿದಂತೆ. ಎಲ್ಲಿಗೂ ಹೋಗದೆ ಕಡಲು ಮುಗಿಸುವ ಜಾಗ! ನಾನು ಸೋತರೆ ಗೇಟಿಗೆ ಬಡಿಯಬಾರದೆಂದು ಎರಡೂ ದಂಡೆಯ ಜಾಲಿಮರಗಳಿಗೆ ಅಡ್ಡಲಾಗಿ ಹಗ್ಗ ಕಟ್ಟಿದ. ಆಮೇಲೆ ದಂಡೆಯ ಮೇಲೆ ಟವೆಲ್ ಹಾಸಿ ಕುಳಿತ. ನಾನು ನೀರಿನಲ್ಲಿರುವಾಗ ಅಪ್ಪ ಕುಳಿತದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮೊದಲ ದಿನ ಆರು ನಿಮಿಷ. ಮುಖ ತಿರುಗಿದ್ದರಿಂದ ದಂಡೆ ಈಗ ನನ್ನ ಬಲಕ್ಕೆ ಬಂದಿತ್ತು. ಬಲಕ್ಕೆ ಉಸಿರು ತೆಗೆಯುವುದು ನನಗೆ ಗೊತ್ತೇ ಇರಲಿಲ್ಲ. ಮೂಗಿನ ತುಂಬ ನೀರು ಕುಡಿದು, ಕೆಮ್ಮುತ್ತ ಹೋಗಿ ಹಗ್ಗಕ್ಕೆ ಬಿದ್ದೆ. ನಾನೇ ಏರಿ ಬಂದೆ. ಫೆಬ್ರವರಿ ಹೋಯಿತು. ಹತ್ತು ನಿಮಿಷ, ಹದಿನೆಂಟು, ಇಪ್ಪತ್ತೈದು. ಯಾರಾದರೂ ದಂಡೆಯ ಮೇಲೆ ಹಾದುಹೋಗುವವರು ನಿಂತು ನೋಡಿ ‘ಯಜಮಾನ್ರ, ಅಕ್ಕಾರು ಮುಂದ ಹೋಗವಲ್ರಲ್ಲಾ’ ಎಂದರೆ, ಅಪ್ಪ ಗಂಭೀರವಾಗಿ ‘ಹಿಂದ ಹೊಂಟಾಳೇನು?’ ಎಂದು ಕೇಳುತ್ತಿದ್ದ. ನೀರಿನೊಳಗಿದ್ದ ನನಗೆ ಅದು ಕೇಳುತ್ತಿರಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಅವನೇ ಹೇಳುತ್ತಿದ್ದ. ಹೋಟೆಲಿಗೆ ಮತ್ತೆ ಹೋಗತೊಡಗಿದ್ದ.

ಆ ಬೆಳಗುಗಳ ನೆನಪು ನನಗೆ ಒಂದೇ ಬೆಳಗಿನಂತೆ ಇದೆ. ಕೈ ಬೀಸುತ್ತೇನೆ, ನೀರು ಹೊಟ್ಟೆಯ ಕೆಳಗೆ ಸರಿದುಹೋಗುತ್ತದೆ, ನಾನು ಅಲ್ಲೇ ಇರುತ್ತೇನೆ. ಬಲಕ್ಕೆ ಹೊರಳಿದರೆ ಅಪ್ಪನ ಮುಖ. ಮತ್ತೆ ನೀರು, ಮತ್ತೆ ಮುಖ. ನಲವತ್ತು ವರ್ಷ ಅವನ ಕಾಲುಗಳನ್ನು ನೋಡಿದ್ದೆ. ಮುಖವನ್ನು ಅಷ್ಟು ಹೊತ್ತು ಒಂದೇ ಸಮ ಎಂದೂ ನೋಡಿರಲಿಲ್ಲ. ಹುಬ್ಬು ಪೂರ್ತಿ ಬೆಳ್ಳಗಾಗಿತ್ತು. ನಾನು ಉಸಿರು ಎಳೆದಾಗ ಅವನ ಬಾಯಿಯೂ ಚೂರು ತೆರೆಯುತ್ತಿತ್ತು. ಎಷ್ಟೋ ಸಲ ಎಣಿಕೆ ತಪ್ಪಿ, ತೋಳು ನೋಯುವುದೂ ಮರೆತು, ಹೀಗೇ ಇದ್ದುಬಿಡೋಣ, ಯಾವ ಫಾರ್ಮೂ ಬೇಡ ಎನಿಸಿದ್ದಿದೆ.

ಮಾರ್ಚ್ ಕೊನೆಗೆ ಕಾಲುವೆ ಬಂದ್ ಮಾಡುತ್ತಾರೆ ಎಂದು ಪೇಪರಿನಲ್ಲಿ ಬಂತು. ಹೆಸರು ಕೊಡುವ ಕೊನೆಯ ದಿನವೂ ಅದೇ ವಾರ. ಅಲ್ಲಿಯವರೆಗೆ ನಾನು ಇದ್ದಲ್ಲಿ ಇರುವುದು ಐವತ್ತೆಂಟು ನಿಮಿಷ ದಾಟಿರಲಿಲ್ಲ. ಕೊನೆಯ ಭಾನುವಾರ ಇಳಿಯುವಾಗ ಅಪ್ಪನಿಗೆ ಹೇಳಿದೆ, ಇವತ್ತು ಎಪ್ಪತ್ತು ಆದರೆ ಸಮುದ್ರ, ಆಗದಿದ್ದರೆ ಹೊಳೆ. ಅವನು ಒಂದು ಬೇವಿನ ಕಡ್ಡಿ ಮುರಿದು ನನ್ನ ತಲೆಯ ನೇರಕ್ಕೆ ದಂಡೆಯಲ್ಲಿ ಚುಚ್ಚಿ, ಗಡಿಯಾರ ನೋಡಿ ಕುಳಿತ.

ನಲವತ್ತು ನಿಮಿಷದ ಹೊತ್ತಿಗೆ ಎರಡು ಸಲ ಕಡ್ಡಿ ನನ್ನ ಮುಂದಕ್ಕೆ ಹೋಯಿತು, ಅಂದರೆ ನಾನು ಹಿಂದಕ್ಕೆ ಬಂದಿದ್ದೆ. ಹಲ್ಲು ಕಚ್ಚಿ ಮತ್ತೆ ಏರಿದೆ. ಐವತ್ತರ ಮೇಲೆ ತೋಳುಗಳು ನನ್ನವಾಗಿ ಉಳಿಯಲಿಲ್ಲ. ಬಲಕ್ಕೆ ಹೊರಳಿದಾಗ ಅಪ್ಪನ ಮುಖ ಕರಗಿ ಬೆಳಕಾಗಿ, ಮತ್ತೆ ಮುಖವಾಗುತ್ತಿತ್ತು. ಆಮೇಲೆ ಏನನ್ನೂ ನೋಡಲಿಲ್ಲ. ಅಪ್ಪ ಎದ್ದು ನಿಂತು ಕೈ ಎತ್ತಿದ್ದು ಮಾತ್ರ ಗೊತ್ತಾಯಿತು. ಕಾಲುವೆಯ ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದುಕೊಂಡೆ. ಅಪ್ಪ ಬಗ್ಗಿ, ಕಡ್ಡಿಯ ಹತ್ತಿರ ಹೆಬ್ಬೆರಳು ಊರಿ, ನನ್ನ ತಲೆಯ ಕಡೆಗೆ ಬೆರಳು ಚಾಚಿದ.

‘ಒಂದು ಗೇಣು ಮ್ಯಾಲ ಬಂದೀದಿ.’

‘ಅಷ್ಟs ಏನು ಯಪ್ಪಾ? ಎಪ್ಪತ್ತು ನಿಮಿಷಕ್ಕ?’

‘ಅಷ್ಟs. ಇದರಾಗ ಕಾಲುವಿದು ಏನೂ ಇಲ್ಲ, ನಂದೂ ಏನೂ ಇಲ್ಲ. ಎಲ್ಲಾ ನಿಂದs ಐತಿ.’

ಮೆಟ್ಟಿಲು ಹಿಡಿದುಕೊಂಡೇ ಅತ್ತೆ. ನೀರಿನಲ್ಲಿದ್ದೆನಾದ್ದರಿಂದ ಗೊತ್ತಾಗಲಿಕ್ಕಿಲ್ಲ ಎಂದುಕೊಂಡಿದ್ದೆ, ಗೊತ್ತಾಯಿತು. ಅಪ್ಪ ಮುಖ ಆಚೆ ತಿರುಗಿಸಿ ಜಾಲಿಮರದ ಹಗ್ಗ ಬಿಚ್ಚತೊಡಗಿದ. ನಾನು ಮೇಲೆ ಬಂದು, ಒದ್ದೆ ಕೈಯನ್ನು ಅವನ ಧೋತರಕ್ಕೇ ಒರೆಸಿ, ಫೋನು ತೆಗೆದು ಕಡಲಿನ ಫಾರ್ಮ್ ತುಂಬಿದೆ. ನದಿಯದನ್ನು ಅಳಿಸಿದೆ.

‘ಸಮುದ್ರಕ್ಕ ಕೊಟ್ಟೆ’ ಎಂದೆ. ‘ನೀನೂ ಬರಬೇಕು.’

ಅವನು ಹಗ್ಗ ಸುತ್ತುತ್ತಲೇ ಹೇಳಿದ, ‘ಬರತೀನಿ. ನೀ ಕಾಣೂತನಕ ನಿಂತು ನೋಡತೀನಿ. ಕಾಣದಂಗ ಆದ ಮ್ಯಾಲ ಅಲ್ಲೇ ಕುಂದರತೀನಿ.’